ಟೀಮ್ ಪೇಜಿನ ಮುಖಗಳು

ಕಂಪನಿಗಳ ಹೆಡ್‌ಶಾಟನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಮಾಡಬೇಕು ಅನ್ನಿಸುತ್ತದೆ ನನಗೆ. ನಮ್ಮಂಥ ವಲಸಿಗರ ಮುಖ ಅತಿ ಹೆಚ್ಚು ಜನರ ಕಣ್ಣಿಗೆ ಬೀಳುವುದು ಅದರಲ್ಲೇ. ಲಿಂಕ್ಡ್‌ಇನ್‌ನಿಂದ ಹಿಡಿದು ಊರಿನಲ್ಲಿ ಸಂಬಂಧ ಹುಡುಕುವವರ ವಾಟ್ಸಾಪ್‌ವರೆಗೆ ಓಡಾಡುವುದು ಅದೊಂದೇ ಚಿತ್ರ.

ಅದರ ವ್ಯಾಕರಣ ಚಿಕ್ಕದು. ಬೂದು ಪರದೆ, ನೆಲದ ಮೇಲೆ ಟೇಪಿನ ಗುರುತು, ಭುಜ ತುಸು ಓರೆ, ಮುಖ ನೇರ, ಕಣ್ಣುಗುಡ್ಡೆಯಲ್ಲಿ ಸಾಫ್ಟ್‌ಬಾಕ್ಸಿನ ಬಿಳಿ ಚೌಕ. ಆಮೇಲೆ ಕಂಪ್ಯೂಟರಿನಲ್ಲಿ ಕಣ್ಣ ಕೆಳಗಿನ ಕಪ್ಪು ಹೋಗುತ್ತದೆ. ದಹಿಸರ್‌ನಿಂದ ಚರ್ಚ್‌ಗೇಟಿಗೆ ನಿಂತೇ ಹೋಗಿಬರುವ ಲೋಕಲ್ ಕೊಟ್ಟ ಕಪ್ಪು ಅದು. ಇದಕ್ಕೆ ನನ್ನ ತಕರಾರೇನೂ ಇಲ್ಲ. ಸ್ಟೇಷನ್ ರಸ್ತೆಯ ಸ್ಟುಡಿಯೋಗಳೂ ಮೊಳೆಗೆ ನೇತುಹಾಕಿದ ಕೋಟನ್ನು ಗಿರಾಕಿಗೆ ತೊಡಿಸಿಯೇ ಪಾಸ್‌ಪೋರ್ಟ್ ಸೈಜ್ ತೆಗೆಯುತ್ತಿದ್ದವು.

ತಕರಾರು ಇರುವುದು ಟೀಮ್ ಪೇಜಿನ ಬಗ್ಗೆ. ಈಗ ಗ್ರೂಪ್ ಫೋಟೋ ಬೇಡ. ಒಬ್ಬೊಬ್ಬರನ್ನೇ ತೆಗೆದು ಚೌಕಗಳಲ್ಲಿ ಕೂರಿಸುತ್ತಾರೆ. ಪುಣೆಯಲ್ಲಿರುವವರು, ಮನೆಯಿಂದ ಕೆಲಸ ಮಾಡುವವರು ಎಲ್ಲರೂ ಒಂದೇ ಸಾಲಿಗೆ ಬರುತ್ತಾರೆ, ಅನುಕೂಲ ನಿಜ. ಇನ್ನೊಂದು ಅನುಕೂಲವನ್ನೂ ನೋಡಿ: ಯಾರನ್ನಾದರೂ ತೆಗೆದುಹಾಕಿದರೆ ಗಾಯ ಕಾಣುವುದಿಲ್ಲ. ಹೋದ ವರ್ಷ ನಮ್ಮ ವಿಭಾಗದ ನಾಲ್ವರನ್ನು ಒಂದೇ ದಿನ ಮನೆಗೆ ಕಳಿಸಿದರು. ಸಂಜೆ ರೈಲು ಬೊರಿವಲಿ ದಾಟುವಾಗ ಪೇಜ್ ತೆರೆದೆ. ಉಳಿದ ಚೌಕಗಳು ಸರಿದು ಒತ್ತಾಗಿ ಕೂತಿದ್ದವು. ಮುಂಬಯಿಯ ಕಂಪನಿಯೊಂದರಲ್ಲಿ ಅಮಾನತಾದ ನಾಗಪ್ಪನ ಮುಖದ ಹಿಂದೆ ಏನೇನು ನಡೆಯಿತು ಎಂದು ಹೇಳಲು 1979ರಲ್ಲಿ ಯಶವಂತ ಚಿತ್ತಾಲರಿಗೆ ‘ಶಿಕಾರಿ’ಯಂಥ ಇಡೀ ಕಾದಂಬರಿ ಬೇಕಾಯಿತು. ಇಲ್ಲಿ ತಲೆಗೆ ಮೂರು ನಿಮಿಷ, ಅಳಿಸಲು ಅದೂ ಬೇಡ.

ದಹಿಸರ್‌ನ ನಮ್ಮ ಮನೆ ಮಾಲೀಕರು ಉಡುಪಿ ಕಡೆಯವರು, ಹೋಟೆಲಿನಲ್ಲಿ ದುಡಿದವರು. ಅವರ ಗೋಡೆಯ ಮೇಲಿನ ಗ್ರೂಪ್ ಫೋಟೋದಲ್ಲಿ ಧಣಿ ಕುರ್ಚಿಯಲ್ಲಿ, ಸಪ್ಲೈಯರುಗಳು ಹಿಂದೆ, ಕ್ಲೀನರ್ ಹುಡುಗರು ನೆಲದ ಮೇಲೆ. ಆ ಮೇಲು ಕೀಳನ್ನು ನಾನು ಹೊಗಳಲಾರೆ. ಆದರೆ ನೆಲದ ಮೇಲಿನ ಒಬ್ಬನಿಗೆ ಬೆರಳಿಟ್ಟು ಅವರು, “ಇವ ಆರೇ ತಿಂಗಳು ಇದ್ದದ್ದು ಮಾರಾಯ್ರೆ” ಅಂದರು. ಆರು ತಿಂಗಳಿದ್ದವನು 40 ವರ್ಷದಿಂದ ಅಲ್ಲೇ ಕೂತಿದ್ದಾನೆ.

ಕೈಕೆಳಗಿನವರನ್ನು ಚಿತ್ರದಲ್ಲಿ ಎಲ್ಲಿಡಬೇಕು ಎನ್ನುವುದು ರೆಂಬ್ರಾಂಟ್‌ಗೂ ತಲೆನೋವಾಗಿದ್ದ ಪ್ರಶ್ನೆ. 1662ರಲ್ಲಿ ಅವನು ಆಮ್‌ಸ್ಟರ್‌ಡ್ಯಾಮಿನಲ್ಲಿ ಬಟ್ಟೆಯ ಗುಣಮಟ್ಟ ಪರೀಕ್ಷಿಸುವ ಅಧಿಕಾರಿಗಳನ್ನು ಚಿತ್ರಿಸಿದ. ಇವತ್ತಿನ ಲೆಕ್ಕದಲ್ಲಿ ಅದೂ ಕಾರ್ಪೊರೇಟ್ ಗ್ರೂಪ್ ಫೋಟೋವೇ. ಹ್ಯಾಟಿನ ಐವರು ಅಧಿಕಾರಿಗಳು, ಬರಿತಲೆಯ ಆರನೆಯವನು ಅವರ ಸೇವಕ. ಆ ಸೇವಕನ ಜಾಗವನ್ನು ಅವನು ಮತ್ತೆ ಮತ್ತೆ ಬದಲಿಸಿದ್ದು ಎಕ್ಸ್‌ರೇಯಲ್ಲಿ ಕಂಡಿದೆ. ಕೊನೆಗೆ ಎಲ್ಲರ ಹಿಂದೆ, ನಡುವೆ, ನಿಲ್ಲಿಸಿದ. ನಮ್ಮ ಟೀಮ್ ಪೇಜಿನಲ್ಲಿ ಚಹಾ ತರುವ ಹುಡುಗನಿಗೆ ಚೌಕವಿಲ್ಲ. ಶೂಟಿಂಗ್ ದಿನ ಎಲ್ಲರ ಮುಖಕ್ಕೂ ರಿಫ್ಲೆಕ್ಟರ್ ಹಿಡಿದು ನಿಂತವನು ಅವನೇ.