ಅಣ್ಣನ ಹೆಸರಿನ ಮನೆ

ದೇಶ ವಿಭಜನೆಯ ಸಿನಿಮಾ ಎಂದರೆ ರಕ್ತ, ಬೆಂಕಿ, ಕಿಕ್ಕಿರಿದ ರೈಲು ಎಂದುಕೊಳ್ಳುತ್ತೇವೆ. ಮೈಸೂರಿನವರೇ ಆದ ಎಂ.ಎಸ್. ಸತ್ಯು 1973ರಲ್ಲಿ ತೆಗೆದ ‘ಗರಂ ಹವಾ’ದಲ್ಲಿ ಅಂಥ ಅಬ್ಬರವಿಲ್ಲ. ಆಗ್ರಾದ ಒಂದು ಮನೆಯಿದೆ, ಅದರ ಮೇಲೆ ಕಣ್ಣಿಟ್ಟ ಒಂದು ಕಾನೂನಿದೆ.

ಪಾದರಕ್ಷೆಯ ಕಾರ್ಖಾನೆ ನಡೆಸುವ ಸಲೀಂ ಮಿರ್ಜಾ ಊರು ಬಿಡಲೊಲ್ಲ. ಆದರೆ ಮನೆ ಅಣ್ಣನ ಹೆಸರಿನಲ್ಲಿದೆ. ಅಣ್ಣ ಪಾಕಿಸ್ತಾನಕ್ಕೆ ಹೋದದ್ದೇ ತಡ, ಅದು ಬಿಟ್ಟುಹೋದವರ ಆಸ್ತಿಯೆಂದು ಸರ್ಕಾರದ ವಶವಾಗಿ, ಸಿಂಧಿನಿಂದ ಬಂದ ವ್ಯಾಪಾರಿಯ ಪಾಲಾಗುತ್ತದೆ. ಸತ್ಯು ಆ ವ್ಯಾಪಾರಿಯನ್ನು ಖಳನನ್ನಾಗಿಸಿಲ್ಲ; ಅವನೂ ನೆಲೆ ಕಳೆದುಕೊಂಡವನೇ. ಒಬ್ಬ ನಿರಾಶ್ರಿತನಿಗೆ ನೆರಳು ಕೊಡಲು ಇನ್ನೊಬ್ಬನನ್ನು ಬೀದಿಗೆ ತಳ್ಳುವ ನೀತಿಯೇ ಇಲ್ಲಿ ತಪ್ಪಿತಸ್ಥ. ಚಿತ್ರದ ದೊಡ್ಡತನ ಇದು.

ಮನೆ ಖಾಲಿ ಮಾಡುವ ದಿನ ಮುದಿ ತಾಯಿ ಸೌದೆಯ ಮೂಲೆಯಲ್ಲಿ ಅಡಗಿ ಕೂರುತ್ತಾಳೆ. ಕೊನೆಯುಸಿರಿಗಾಗಿ ಅವಳನ್ನು ಪಲ್ಲಕ್ಕಿಯಲ್ಲಿ ಅದೇ ಮನೆಗೆ ಹೊತ್ತು ತರುತ್ತಾರೆ. ಹೆಣ್ಣುಮಕ್ಕಳಾದ ನಾವೂ ಒಂದು ಮನೆ ಬಿಟ್ಟು ಬಂದವರೇ. ಆದರೆ ನಮ್ಮ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಪಂಚಮಿಗೆ ಕರೆಯಲು ಅಣ್ಣ ಬರುತ್ತಾನೆ. ಬರಗಾಲದಲ್ಲಿ ಜಗಳೂರಿನಿಂದ ಗುಳೆ ಹೋದವರಿಗೂ ಮಳೆಯಾದರೆ ಮರಳುವ ಆಸೆಯಿದೆ. ಮರಳುವ ದಾರಿಯೇ ಮುಚ್ಚಿದವರ ಪಾಡು ಬೇರೆ.

ಕೊರತೆಯೂ ಇದೆ. ಮದುವೆಗೆಂದು ಮರಳಿ ಬಂದ ಕಾಜಿಂನನ್ನು ಪೊಲೀಸರು ಹಿಡಿದು ಗಡಿಯಾಚೆ ಕಳಿಸುತ್ತಾರೆ. ಮುಂದೆ ನಂಬಿದ ಇನ್ನೊಬ್ಬನೂ ಕೈಬಿಟ್ಟಾಗ ಅಮೀನಾ ಜೀವ ಕಳೆದುಕೊಳ್ಳುತ್ತಾಳೆ. ತಂದೆ, ತಮ್ಮ ಕಡೆಗೆ ಮೆರವಣಿಗೆ ಸೇರಿ ಹೊಸ ಬದುಕು ಕಾಣುತ್ತಾರೆ. ಮನೆಯ ಹೆಣ್ಣಿಗೆ ಮಾತ್ರ ಚಿತ್ರ ಅಂಥ ದಾರಿ ತೋರಿಸಲಿಲ್ಲ. ಇದು ನನಗೆ ಒಪ್ಪಿಗೆಯಿಲ್ಲ.

ಇದೆಲ್ಲ ಹಳೆಯ ಕಥೆ ಎನ್ನಬೇಡಿ. ನಮ್ಮ ರಾಜ್ಯ 1960ರಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ನೆಲ ಕೊಟ್ಟಿತು. ಅದು ಔದಾರ್ಯವೇ ಸರಿ. ಆದರೆ ನಿರಾಶ್ರಿತರಿಗೆಂದೇ ಒಂದು ಕಾನೂನು ನಮ್ಮ ದೇಶದಲ್ಲಿ ಇಂದಿಗೂ ಇಲ್ಲ. 2019ರ ಪೌರತ್ವ ತಿದ್ದುಪಡಿ ಮೂರು ದೇಶಗಳಿಂದ ಬಂದ ಆರು ಧರ್ಮದವರಿಗೆ ಬಾಗಿಲು ತೆರೆಯಿತು. ಆ ದೇಶಗಳಲ್ಲಿ ಅವರು ಪಟ್ಟ ಸಂಕಟ ಸುಳ್ಳಲ್ಲ. ಆದರೆ ಅಲ್ಲಿಂದಲೇ ಓಡಿಬಂದ ಮುಸ್ಲಿಮರು, ಶ್ರೀಲಂಕಾದ ತಮಿಳರು, ಟಿಬೆಟನ್ನರು ಆ ಪಟ್ಟಿಯಲ್ಲಿಲ್ಲ.

ಹಸಿದು ಬಂದವರ ಜಾತಿ ಕೇಳಬಾರದೆಂದು ಮಕ್ಕಳಿಗೆ ಪಾಠ ಹೇಳುವವಳು ನಾನು. ಸರ್ಕಾರಕ್ಕೆ ಬೇರೆ ಪಾಠವೆಂದು ಹೇಗೆ ಹೇಳಲಿ? ಜೀವಭಯವೊಂದೇ ಅಳತೆಗೋಲಾಗಲಿ.