ಊಟದ ಕಥೆಗಳಲ್ಲಿ ನಾವು ಮಕ್ಕಳಿಗೆ ಬಡಿಸುತ್ತಿರುವುದೇನು?

ಎಳೆಯರಿಗೆ ಹಿತವಾದ ಆಹಾರದ ಅರಿವನ್ನು ಕಥೆಗಳ ಮೂಲಕ ಮೂಡಿಸಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಮಾತೇನೋ ಒಳ್ಳೆಯದೇ. ಆದರೆ ಈ ಉದ್ದೇಶದಿಂದ ಬರೆದ ಕಥೆಗಳನ್ನು ನಾಲ್ಕಾರು ಓದಿದವರಿಗೆ ಒಂದು ಸಂಶಯ ಹುಟ್ಟದಿರದು. ಅವುಗಳಲ್ಲಿ ಗಜ್ಜರಿ ಮಾತನಾಡುತ್ತದೆ, ಸೊಪ್ಪು ಉಪದೇಶ ಮಾಡುತ್ತದೆ, ಹಾಲು ತನ್ನ ಗುಣಗಳನ್ನು ತಾನೇ ಹೊಗಳಿಕೊಳ್ಳುತ್ತದೆ. ಮಿಠಾಯಿ ತಿಂದ ಹುಡುಗ ಹಲ್ಲುನೋವಿನಿಂದ ಅತ್ತು ಕಡೆಯ ಸಾಲಿನಲ್ಲಿ ಬುದ್ಧಿ ಕಲಿಯುತ್ತಾನೆ. ವಾಚಕರೇ, ಇಂಥ ಕಥೆಯನ್ನು ಮತ್ತೊಮ್ಮೆ ಹೇಳೆಂದು ತಾಯಿಯನ್ನು ಪೀಡಿಸಿದ ಮಗುವನ್ನು ತಾವು ಕಂಡದ್ದುಂಟೆ? ಕಥೆಯ ಸಿಪ್ಪೆ ಸುಲಿದರೆ ಒಳಗಿರುವುದು ಪಾಠ ಎಂಬುದನ್ನು ಮಗು ಮೊದಲ ಸಾಲಿಗೇ ಗುರುತಿಸಿಬಿಡುತ್ತದೆ.

ಆಹಾರವನ್ನೇ ಪಾತ್ರವಾಗಿಸಿದ ಕಥೆ ಕನ್ನಡಕ್ಕೆ ಹೊಸತೇನೂ ಅಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಯೂ ಭತ್ತವೂ ಶ್ರೀರಾಮನ ಮುಂದೆಯೇ ಜಗಳಕ್ಕೆ ನಿಲ್ಲುತ್ತವೆ. ಅಲ್ಲಿಯೂ ಧಾನ್ಯಗಳು ಮಾತನಾಡುತ್ತವೆ. ಆದರೆ ಉಪದೇಶಿಸುವುದಿಲ್ಲ, ಬೈದಾಡುತ್ತವೆ. ಭತ್ತಕ್ಕೆ ತನ್ನ ಕುಲದ ಗರ್ವ. ಬಡವರನ್ನು ಕಣ್ಣೆತ್ತಿಯೂ ನೋಡದವನೆಂದು ರಾಗಿಯ ಮರುನುಡಿ. ರಾಮನಾದರೂ ಒಡನೆ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇರಿಸುತ್ತಾನೆ. ಅವಧಿ ಮುಗಿದಾಗ ಭತ್ತ ಬಾಡಿ ಕಳೆಗುಂದಿರುತ್ತದೆ, ರಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ; ರಾಘವನ ಹೆಸರೇ ಅದಕ್ಕೆ ಸಲ್ಲುತ್ತದೆ. ಇಲ್ಲಿರುವುದು ವ್ಯಾಜ್ಯ, ಕಾಯುವಿಕೆ, ಪರೀಕ್ಷೆ. ರಾಗಿ ಒಳ್ಳೆಯದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆರು ತಿಂಗಳ ಬಳಿಕ ಉಗ್ರಾಣದ ಬಾಗಿಲು ತೆರೆದಾಗ ಕೇಳುವವನೇ ನ್ಯಾಯಾಧೀಶನಾಗಿರುತ್ತಾನೆ. ಈಗಿನ ಆಹಾರಕಥೆಗಳಲ್ಲಿ ಇಲ್ಲದಿರುವುದು ಈ ಸೆರೆಮನೆಯೇ. ಅವುಗಳಲ್ಲಿ ತೀರ್ಪು ಮೊದಲೇ ಬರೆದಿರುತ್ತದೆ. ವ್ಯಾಜ್ಯ ಬರಿಯ ನಟನೆ.

ಕಥೆ ಕೇಳಿಸುವುದರಲ್ಲಿ ಈ ದೋಷವಾದರೆ ಮಕ್ಕಳಿಂದ ಬರೆಯಿಸುವುದರಲ್ಲಿ ಇನ್ನೂ ಗಹನವಾದ ದೋಷವೊಂದಿದೆ. ಅದನ್ನು ನಾನು ಕಂಡದ್ದು ನನ್ನ ತಪ್ಪಿನಿಂದಲೇ. ಕೆಲವು ವರ್ಷಗಳ ಹಿಂದೆ ಮೂಡುಬಿದಿರೆಯ ಆಸುಪಾಸಿನ ಒಂದು ಶಾಲೆಯಲ್ಲಿ ನಾಲ್ಕನೆಯ ತರಗತಿಯ ಮಕ್ಕಳ ಬರಹಗಳನ್ನು ಓದಿ ಬಹುಮಾನಕ್ಕೆ ಆರಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ವಿಷಯ ‘ನಾನು ಬೆಳಗ್ಗೆ ತಿಂದದ್ದು’. ಮೂವತ್ತಕ್ಕೆ ಮಿಕ್ಕಿದ ಹಾಳೆಗಳಲ್ಲಿ ಬಹುತೇಕ ಎಲ್ಲರೂ ಹಾಲು ಕುಡಿದಿದ್ದರು, ಸೇಬು ತಿಂದಿದ್ದರು, ಮೊಳಕೆ ಕಾಳು ಮೆದ್ದಿದ್ದರು. ಒಬ್ಬ ಹುಡುಗಿ ಮಾತ್ರ, ರಾತ್ರಿ ದನ ಕರು ಹಾಕಿದ್ದರಿಂದ ಮನೆಯಲ್ಲಿ ಎಲ್ಲರಿಗೂ ತಡವಾಯಿತೆಂದೂ, ತಾನು ನಿಂತೇ ಗಂಜಿ ಉಂಡೆನೆಂದೂ, ಹಲಸಿನ ಹಪ್ಪಳದಲ್ಲಿ ಅರ್ಧವನ್ನು ತಮ್ಮನಿಗೆ ಇಟ್ಟೆನೆಂದೂ ಬರೆದಿದ್ದಳು. ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದವು. ನಾನು ಬಹುಮಾನವನ್ನು ಅಚ್ಚುಕಟ್ಟಾಗಿ ಬರೆದ ಒಬ್ಬ ಸೇಬಿನ ಹುಡುಗನಿಗೆ ಕೊಡಿಸಿದೆ. ಬಸ್ಸಿನಲ್ಲಿ ಹಿಂದಿರುಗುವಾಗ, ಆ ಮೂವತ್ತು ಬರಹಗಳಲ್ಲಿ ನೆನಪಿನಲ್ಲಿ ಉಳಿದದ್ದು ಕರುವೂ ಅರ್ಧ ಹಪ್ಪಳವೂ ಮಾತ್ರ ಎಂದು ಹೊಳೆಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಇಷ್ಟೂ ಮಕ್ಕಳು ಸುಳ್ಳು ಬರೆದದ್ದೇಕೆ? ಅವರು ಸುಳ್ಳುಗಾರರೆಂದಲ್ಲ. ಬರಹದಲ್ಲಿ ಇರಬೇಕಾದದ್ದು ಮನೆಯ ಊಟವಲ್ಲ, ಗೋಡೆಯ ಮೇಲೆ ಅಂಟಿಸಿದ ಪಟದ ಊಟ ಎಂದು ನಾವೇ ಅವರಿಗೆ ಕಲಿಸಿದ್ದೇವೆ. ಇದರ ಫಲ ಎರಡು ಬಗೆಯದು. ಬರವಣಿಗೆ ಸತ್ಯಕ್ಕೆ ದೂರವಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ಮಗುವಿಗೆ ತನ್ನ ಮನೆಯ ಗಂಜಿಯ ಬಗ್ಗೆ ನಾಚಿಕೆ ಹುಟ್ಟುತ್ತದೆ.

ಗಂಜಿಯಾದರೂ ನಾಚಬೇಕಾದ ವಸ್ತುವೆ? ದಕ್ಷಿಣ ಕನ್ನಡದ ಕುಚ್ಚಲಕ್ಕಿಯನ್ನು ಭತ್ತವಾಗಿದ್ದಾಗಲೇ ಬೇಯಿಸಿ ಒಣಗಿಸುತ್ತಾರೆ. ಹಾಗೆ ಬೇಯುವಾಗ ತೌಡಿನಲ್ಲಿರುವ ಸತ್ತ್ವದ ಒಂದು ಪಾಲು ಕಾಳಿನ ಒಳಕ್ಕೆ ಇಳಿಯುತ್ತದೆ. ಮುಂದೆ ಗಿರಣಿಯಲ್ಲಿ ತೌಡು ಹೋದರೂ ಅದು ಪೂರ್ತಿ ಹೋಗದು. ಈ ತೌಡಿನ ಮಹತ್ತ್ವವನ್ನು ಲೋಕಕ್ಕೆ ತಿಳಿಸಿದವು ಜಾವಾ ದ್ವೀಪದ ಕೋಳಿಗಳು. 1890ರ ದಶಕದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯ ಅಲ್ಲಿ ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದ. ಅವನ ಕೋಳಿಗಳಿಗೆ ಇದ್ದಕ್ಕಿದ್ದಂತೆ ಕಾಲು ಸೋತು ರೋಗ ಹಿಡಿಯಿತು. ಕೆಲವು ಕಾಲದ ಮೇಲೆ ತಾನಾಗಿ ವಾಸಿಯೂ ಆಯಿತು. ವಿಚಾರಿಸಿದರೆ, ಅವುಗಳಿಗೆ ಸೈನಿಕ ಆಸ್ಪತ್ರೆಯ ಅಡಿಗೆಮನೆಯಲ್ಲಿ ಉಳಿದ ಪಾಲಿಶ್ ಅಕ್ಕಿಯ ಅನ್ನವನ್ನು ಹಾಕುತ್ತಿದ್ದರಂತೆ. ಹೊಸದಾಗಿ ಬಂದ ಅಡಿಗೆಯವನು ಸೈನ್ಯದ ಅನ್ನ ಕೋಳಿಗಳಿಗೇಕೆಂದು ಅದನ್ನು ನಿಲ್ಲಿಸಿ, ಪಾಲಿಶ್ ಮಾಡದ ಅಕ್ಕಿಗೆ ತಂದಿದ್ದನಂತೆ. ಐಕ್‌ಮನ್ ಮೊದಲು ಅನ್ನದಲ್ಲಿ ವಿಷವಿದೆಯೆಂದೇ ಎಣಿಸಿದ. ವಿಷವಿದ್ದದ್ದಲ್ಲ, ಬೇಕಾದುದೊಂದು ಇಲ್ಲದ್ದು ಎಂಬುದು ಆಮೇಲೆ ಗೊತ್ತಾಯಿತು. 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು. ಒಬ್ಬ ಜಿಪುಣ ಅಡಿಗೆಯವನು, ತೂರಾಡುವ ಕೋಳಿಗಳು, ತಪ್ಪು ದಾರಿ ಹಿಡಿದ ವೈದ್ಯ – ಒಂಬತ್ತು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ಮಾತನಾಡುವ ಗಜ್ಜರಿಯ ಅಗತ್ಯವೇ ಇಲ್ಲ. ಇದನ್ನು ಹೇಳಿ ಮುಗಿಸಿ, ಕುಚ್ಚಲಕ್ಕಿಗೂ ಬೆಳ್ಳಗಿನ ಅಕ್ಕಿಗೂ ಒಂದು ಜಗಳ ಬರೆಯಿರೆಂದು ಮಕ್ಕಳಿಗೆ ಹೇಳಿ ನೋಡಬೇಕು. ಬೆಳ್ಳಗಿನ ಅಕ್ಕಿಯ ಪರವಾಗಿ ಬರೆಯುವವರೂ ಇರಲಿ. ಅವರೇ ಹೆಚ್ಚು ಚೆನ್ನಾಗಿ ಬರೆದಾರು.

ಮಗು ಕಹಿಯನ್ನು ಒಲ್ಲದೆಂಬುದೂ ಪೂರ್ತಿ ನಿಜವಲ್ಲ. ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ರಸ ತೆಗೆದು, ಬರಿಹೊಟ್ಟೆಯಲ್ಲಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಅದರ ಕಹಿಗೆ ಸಾಟಿಯಿಲ್ಲ. ಆದರೂ ಮಕ್ಕಳು ಮುಖ ಕಿವಿಚಿ ಕುಡಿಯುತ್ತಾರೆ, ಆಮೇಲೆ ಮೆಂತ್ಯದ ಗಂಜಿಗೆ ಕಾಯುತ್ತಾರೆ. ಸೂರ್ಯ ಹುಟ್ಟುವ ಮುನ್ನ ಹೋಗಬೇಕು, ಕಬ್ಬಿಣ ತಾಗಿಸಬಾರದು, ಆ ಒಂದು ದಿನ ಆ ಮರದಲ್ಲಿ ಎಲ್ಲ ಔಷಧಿಗಳೂ ಸೇರಿರುತ್ತವೆ – ಇದು ಕಥೆಯ ಬಲ. (ಮರವನ್ನು ಬಲ್ಲ ಹಿರಿಯರೇ ತರಬೇಕು, ಮರ ತಪ್ಪಿದರೆ ಪ್ರಾಣಕ್ಕೇ ಅಪಾಯ.) ಕಷಾಯದ ವೈದ್ಯಕೀಯ ಗುಣವನ್ನು ನಾನು ಇಲ್ಲಿ ಚರ್ಚಿಸುತ್ತಿಲ್ಲ. ಯಾವ ಉಪದೇಶವೂ ಕುಡಿಸಲಾರದುದನ್ನು ಒಂದು ನಸುಕಿನ ನಡಿಗೆ ಕುಡಿಸುತ್ತದೆ ಎಂಬುದಷ್ಟೆ ನನ್ನ ಮಾತು.

ಮೂಡುಬಿದಿರೆಯ ಕವಿ ರತ್ನಾಕರವರ್ಣಿ ಇದನ್ನು ಬಲ್ಲವನು. ಹದಿನಾರನೆಯ ಶತಮಾನದ ಅವನ ‘ಭರತೇಶ ವೈಭವ’ದಲ್ಲಿ ಮುನಿಭುಕ್ತಿ ಸಂಧಿ ಮೊದಲು, ರಾಜಭುಕ್ತಿ ಸಂಧಿ ಆಮೇಲೆ. ಚಕ್ರವರ್ತಿ ಮುನಿಗಳಿಗಾಗಿ ಕಾದು, ಅವರಿಗೆ ಉಣಬಡಿಸಿದ ಮೇಲೆಯೇ ತಾನು ಉಣ್ಣುತ್ತಾನೆ. ಊಟದ ಸವಿಯನ್ನು ಕವಿ ಎಲ್ಲಿಯೂ ಹಳಿಯುವುದಿಲ್ಲ, ನೀತಿಯನ್ನೂ ಬೇರೆಯಾಗಿ ಬಡಿಸುವುದಿಲ್ಲ. ಸಂಧಿಗಳ ಕ್ರಮದಲ್ಲಿಯೇ ಅದು ಇದೆ. ನಮ್ಮ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನೂ ಇಲ್ಲಿ ನೆನೆಯಬಹುದು. ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ ಪತಿಯನ್ನು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಅವಳು ಹಿಂದಕ್ಕೆ ಕಳುಹಿಸಿದಳು. ಎಷ್ಟು ಬೇಕು ಎಂಬ ಪ್ರಶ್ನೆಯನ್ನು ಮಕ್ಕಳ ಮುಂದೆ ಇಡಲು ಈ ಒಂದು ಪ್ರಸಂಗ ಸಾಕು.

ಬೇಕಾದಷ್ಟೂ ಇಲ್ಲದ ಮನೆಗಳ ಮಾತು ಬೇರೆ. ಹಣ್ಣು ತಿನ್ನಬೇಕೆಂದು ಕಥೆ ಹೇಳಿದರೆ ಹಣ್ಣು ಬಾರದು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದೆಡೆಗೂ ಹಬ್ಬಿದ ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟವರು ಅಕ್ಷರವನ್ನೂ ಅನ್ನವನ್ನೂ ಒಂದೇ ಪದದಲ್ಲಿ ಕಟ್ಟಿದರು. 2013ರಲ್ಲಿ ಹಾಲೂ ಸೇರಿತು. ಬರೆಯಿಸುವ ಉಪಾಧ್ಯಾಯರು ಈ ಪಂಕ್ತಿಯಿಂದಲೇ ತೊಡಗಬಹುದಲ್ಲ! ಎಲ್ಲರ ಬಟ್ಟಲಲ್ಲಿಯೂ ಒಂದೇ ಊಟವಿರುವ ಜಾಗ ಅದೊಂದೇ. ಅಲ್ಲಿ ಸುಳ್ಳು ಬರೆಯುವ ಅಗತ್ಯ ಯಾವ ಮಗುವಿಗೂ ಇಲ್ಲ. ಸಾರು ಇಂದು ನೀರಾಗಿತ್ತು ಎಂದು ಬರೆದರೆ ಅದನ್ನು ತಿದ್ದದೆ ಬಿಡುವ ಧೈರ್ಯ ಉಪಾಧ್ಯಾಯರಿಗೆ ಇರಬೇಕು. ಅಲ್ಲಿಂದ ಮುಂದೆ ಮನೆಗೆ ಹೋಗಲಿ: ಅಜ್ಜಿ ಆಟಿಯಲ್ಲಿ ಚಗಟೆ ಸೊಪ್ಪನ್ನು ಹೇಗೆ ಮಾಡುತ್ತಾಳೆ, ಕೆಸುವಿನ ಎಲೆ ಗಂಟಲು ತುರಿಸದಂತೆ ಪತ್ರೊಡೆಗೆ ಹುಣಿಸೆಹುಳಿ ಏಕೆ ಬೀಳುತ್ತದೆ, ಒಂದೆಲಗದ ತಂಬುಳಿ ಯಾರಿಗೆ ಸೇರುವುದಿಲ್ಲ ಮತ್ತು ಏಕೆ. ಸೇರದೆಂದು ಬರೆದವನಿಗೂ ಪೂರ್ಣ ಅಂಕ ಕೊಡಬೇಕು.

ಆ ಹುಡುಗಿಯ ಹಾಳೆಯನ್ನು ನಾನು ಕೇಳಿ ತಂದಿದ್ದೆ. ಅದರಲ್ಲಿ ‘ಗಂಜಿ’ ಎಂಬ ಮಾತಿನ ಮೇಲೆ ಯಾರದೋ ಕೆಂಪು ಗೆರೆ ಎಳೆದಿದೆ; ಪಕ್ಕದಲ್ಲಿ ‘ಹಾಲು, ಹಣ್ಣು’ ಎಂದು ತಿದ್ದಿದೆ. ಹಪ್ಪಳವನ್ನು ಮಾತ್ರ ತಿದ್ದಿಲ್ಲ.