ಸೊನ್ನೆಯ ಅರ್ಥವಿಚಾರ: ಆರೋಗ್ಯ ತಂತ್ರಾಂಶದ ಕೈಪಿಡಿಗಳನ್ನು ಕುರಿತು

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲೇ ನಿರೂಪಿಸತಕ್ಕುದೆಂಬುದು ಪ್ರಾಚೀನರ ನಿಯಮ. ಈ ನಿಯಮವು ಓಲೆಗರಿಯ ಗ್ರಂಥಗಳಿಗೆ ಮಾತ್ರವಲ್ಲ, ರೋಗವೃತ್ತಾಂತವನ್ನು ಸಂಗ್ರಹಿಸುವ ತಂತ್ರಾಂಶಗಳ ಕೈಪಿಡಿಗಳಿಗೂ ಸಲ್ಲುವುದು. ಯಾವ ಗುಂಡಿಯನ್ನು ಒತ್ತಬೇಕೆಂದು ತಿಳಿಸಿದ ಮಾತ್ರಕ್ಕೆ ಕೈಪಿಡಿಯ ಕಾರ್ಯವು ಮುಗಿಯಲಿಲ್ಲ. ಬರೆದ ಅಂಕವು ಯಾವ ಅರ್ಥವನ್ನು ಬೋಧಿಸುವುದೆಂಬುದನ್ನೂ ಅದು ಹೇಳಲೇಬೇಕು.

ಭಾರತದಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆಯು 2004ರಲ್ಲಿ ಆರಂಭವಾಯಿತು. ಅದರ ಪತ್ರಗಳು ಮೂರು: ಲಕ್ಷಣವನ್ನು ಕಂಡ ಆರೋಗ್ಯ ಸಹಾಯಕಿಯು ತುಂಬುವ 'ಎಸ್', ವೈದ್ಯನು ರೋಗವನ್ನು ಊಹಿಸಿ ತುಂಬುವ 'ಪಿ', ಪ್ರಯೋಗಶಾಲೆಯವರು ತುಂಬುವ 'ಎಲ್'. 2018ರಲ್ಲಿ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಇವು 'ಸಮಗ್ರ ಆರೋಗ್ಯ ಮಾಹಿತಿ ವೇದಿಕೆ'ಯೆಂಬ ತಂತ್ರಾಂಶಕ್ಕೆ ಏರಿದವು. 2021ರ ಏಪ್ರಿಲ್ ತಿಂಗಳಲ್ಲಿ ಅದು ದೇಶಕ್ಕೆಲ್ಲ ವ್ಯಾಪಿಸಿತು. ದರ್ಶನ, ಅನುಮಾನ, ನಿಶ್ಚಯಗಳನ್ನು ಒಂದರೊಡನೊಂದು ಬೆರಸದೆ ಬೇರೆ ಬೇರೆ ಪತ್ರಗಳಲ್ಲಿರಿಸಿದ ಈ ಕ್ರಮವು ಶ್ಲಾಘ್ಯವೇ ಸರಿ.

ಸಂದೇಹವು ಹುಟ್ಟುವುದು ಸೊನ್ನೆಯಲ್ಲಿ. ಒಬ್ಬಳು ಮನೆಮನೆಗೂ ಹೋಗಿ, ಜ್ವರವನ್ನು ಕಾಣದೆ, ಸೊನ್ನೆಯನ್ನು ಬರೆಯುವಳು. ಮತ್ತೊಬ್ಬಳು ಆ ವಾರ ಊರಿಗೆ ಹೋಗಲಾಗದೆ, ಮನೆಯನ್ನು ತೆರವಾಗಿ ಬಿಟ್ಟರೆ ಮೇಲಿನವರು ಗದರುವರೆಂದು ಅಂಜಿ, ತಾನೂ ಸೊನ್ನೆಯನ್ನೇ ಬರೆಯುವಳು. ಅಂಕವು ಒಂದೇ, ಅರ್ಥಗಳು ಪರಸ್ಪರ ವಿರುದ್ಧ. ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದ ಭಾಟ್ಟ ಮೀಮಾಂಸಕರೂ ವೇದಾಂತಿಗಳೂ ಅದಕ್ಕೆ ಯೋಗ್ಯತೆಯೆಂಬ ನಿಬಂಧನೆಯನ್ನು ಹಾಕಿದರು. ಬೆಳಕಿನಲ್ಲಿ ನೋಡಿ ಘಟವು ಕಾಣದಿದ್ದರೆ ಘಟವಿಲ್ಲವೆನ್ನಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ನೋಡದವರ ಸೊನ್ನೆಯು ಕತ್ತಲೆಯ ಸೊನ್ನೆ.

ಇದು ಬರಿಯ ತರ್ಕವಿನೋದವಲ್ಲ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. 1957ರಲ್ಲಿ ಮಂಗನ ಕಾಯಿಲೆಯು ಮೊದಲು ಗುರುತಿಸಲ್ಪಟ್ಟ ಕ್ಯಾಸನೂರು ಕಾಡು ಇದೇ ತಾಲ್ಲೂಕಿನದು. ಉಣ್ಣಿಯ ಕಡಿತದಿಂದ ಹರಡುವ ಈ ರೋಗವು ಚಳಿಗಾಲದಿಂದ ಬೇಸಗೆಯವರೆಗೆ ಪ್ರಬಲಿಸುವುದು; ಕಾಡಿನಲ್ಲಿ ಮಂಗಗಳು ಸಾಯುವುದು ಅದರ ಮುನ್ಸೂಚನೆ. ಕೆಲವರಲ್ಲಿ ಜ್ವರವು ಬಿಟ್ಟು, ಒಂದೆರಡು ವಾರಗಳ ಮೇಲೆ ಮರುಕಳಿಸಿ, ಮಿದುಳನ್ನು ಬಾಧಿಸುವುದುಂಟು. ಇಂಥ ಸೀಮೆಯಲ್ಲಿ ಒಂದು ಸುಳ್ಳು ಸೊನ್ನೆಯಿಂದ ಸೌದೆಗೂ ಸೊಪ್ಪಿಗೂ ಕಾಡಿಗೆ ಹೋಗುವವರು ಎಚ್ಚರಿಕೆಯಿಲ್ಲದೆ ಹೋಗುವಂತಾದೀತು.

ಆದುದರಿಂದ ಕೈಪಿಡಿಯು ಮೂರು ಪ್ರಶ್ನೆಗಳಿಗೆ ತಿಳಿಗನ್ನಡದಲ್ಲಿ ಉತ್ತರ ಕೊಡತಕ್ಕುದು. ನೋಡಿ ಕಾಣದುದಕ್ಕೂ ನೋಡದೆ ಬಿಟ್ಟುದಕ್ಕೂ ಬೇರೆ ಬೇರೆ ಗುರುತುಗಳೇನು? ಮರುಕಳಿಸಿದ ಜ್ವರವು ಹೊಸ ರೋಗಿಯ ಲೆಕ್ಕವೋ, ಹಳೆಯ ರೋಗಿಯದೋ? ಸತ್ತ ಮಂಗವನ್ನು ಕಂಡವಳು ಅದನ್ನು ಎಲ್ಲಿ ಬರೆಯಬೇಕು? 'ಕೆ.ಎಫ್.ಡಿ.' ಎಂಬ ಅಕ್ಷರಗಳ ಪಕ್ಕದಲ್ಲಿ 'ಮಂಗನ ಕಾಯಿಲೆ'ಯೆಂಬ ಜನರ ಮಾತೂ ಇರಬೇಕು. ಮಂಗರಾಜನು 14ನೆಯ ಶತಮಾನದಲ್ಲಿಯೇ ವಿಷವೈದ್ಯವನ್ನು 'ಖಗೇಂದ್ರಮಣಿದರ್ಪಣ'ದ ಮೂಲಕ ಕನ್ನಡಕ್ಕಿತ್ತಿರಲು, ಭಾಷೆಗೆ ಶಕ್ತಿ ಸಾಲದೆಂಬ ನೆಪವು ನಿಲ್ಲಲಾರದು.

ತರಬೇತಿಯಲ್ಲಿ ಬಾಯಿಮಾತಿನಿಂದ ಹೇಳಿಕೊಟ್ಟರೆ ಸಾಲದೆ ಎಂದು ಕೆಲವರು ಆಕ್ಷೇಪಿಸಬಹುದು. ಗುರುಮುಖದ ಪಾಠವು ಉತ್ತಮವೆಂಬುದರಲ್ಲಿ ವಿವಾದವಿಲ್ಲ. ಆದರೆ ಕಲಿತವಳಿಗೆ ವರ್ಗವಾದೊಡನೆ ಆ ಪಾಠವೂ ಅವಳೊಡನೆ ಹೊರಟುಹೋಗುವುದು; ಅವಳ ಸ್ಥಾನಕ್ಕೆ ಬಂದವಳಿಗೆ ಉಳಿಯುವುದು ಗ್ರಂಥವೊಂದೇ. ತಂತ್ರಾಂಶವು ಸೂತ್ರವಾದರೆ ಕೈಪಿಡಿಯು ಅದರ ವೃತ್ತಿ. ವೃತ್ತಿಯಿಲ್ಲದ ಸೂತ್ರಕ್ಕೆ ಒಬ್ಬೊಬ್ಬರೂ ತಮಗೆ ತೋಚಿದ ಅರ್ಥವನ್ನೇ ಹೇಳುವರು.